ಮನೆ ಮಾರಿದಾಗ ಬ್ರೋಕರ್‌ಗೆ ಕೊಟ್ಟ 58 ಸಾವಿರ

ಶಿವಮೊಗ್ಗದ ವಿನೋಬನಗರದಲ್ಲಿ ಅಪ್ಪ 1988ರಲ್ಲಿ ಕಟ್ಟಿಸಿದ ಮನೆಯನ್ನು ಮಾರುವುದೆಂದು ನಾವು ತೀರ್ಮಾನಿಸಿದ ವಾರದಲ್ಲೇ ಬ್ರೋಕರ್ ಒಬ್ಬರು ಗೇಟಿನ ಬಳಿ ಬಂದು ನಿಂತಿದ್ದರು. ನಾವು ಬೋರ್ಡು ಹಾಕಿರಲಿಲ್ಲ, ಪತ್ರಿಕೆಗೆ ಜಾಹೀರಾತನ್ನೂ ಕೊಟ್ಟಿರಲಿಲ್ಲ. ಹಾಲು ತರುವವರಿಗೋ ಪಕ್ಕದ ಮನೆಯವರಿಗೋ ಅಮ್ಮ ಹೇಳಿದ ಒಂದು ಮಾತು ಮೂರು ದಿನಗಳಲ್ಲಿ ಅವರ ಕಿವಿಗೆ ಬಿದ್ದಿತ್ತು. "ಮನೆ ಕೊಡ್ತೀರಂತಲ್ಲ ಅಮ್ಮ" ಎನ್ನುತ್ತಲೇ ಚಪ್ಪಲಿ ಬಿಟ್ಟು ಒಳಗೆ ಬಂದರು. ಸೈಟಿನ ಅಳತೆ, ಬಾಗಿಲಿನ ದಿಕ್ಕು, ಸಂಪಿನ ಆಳ, ಬಾವಿಯಲ್ಲಿ ಬೇಸಿಗೆಗೂ ನೀರು ಇರುತ್ತದೆಯೋ ಎಂಬುದು, ಇವೆಲ್ಲವನ್ನೂ ಕೇಳಿಕೊಂಡು ಕಾಫಿ ಕುಡಿದರು. ಹೊರಡುವಾಗ ನಾನು ಅಳುಕುತ್ತಲೇ ಅವರ ಕಮಿಷನ್ ಎಷ್ಟೆಂದು ಕೇಳಿದೆ. "ಅದೇನು ಬಿಡಿ ಮೇಡಂ, ಮೊದ್ಲು ಕೆಲಸ ಆಗ್ಲಿ, ಆಮೇಲೆ ನೋಡೋಣ" ಎಂದು ನಕ್ಕು ಸ್ಕೂಟರ್ ಹತ್ತಿದರು.

ನನಗೆ ಆ ಉತ್ತರದಿಂದ ಸಮಾಧಾನವೇ ಆಗಿತ್ತು, ಏಕೆಂದರೆ ಹಣದ ಮಾತು ಮುಂದಕ್ಕೆ ಹೋಗಿತ್ತು. ಸಮಾಧಾನವಾಗದೇ ಇದ್ದದ್ದು ಅಮ್ಮನಿಗೆ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಮನೆಯಲ್ಲಿ ಹುಟ್ಟಿ ಬೆಳೆದ ಅವರಿಗೆ ಮಂಡಿಯ ಲೆಕ್ಕ ಬಾಲ್ಯದಿಂದಲೇ ಗೊತ್ತು. ಅಜ್ಜ ಶಿವಮೊಗ್ಗದ ಮಂಡಿಗೆ ರಾಶಿ ಇಡಿ ಅಡಿಕೆ ಕಳುಹಿಸಿ, ತೂಕ, ದರ, ಹಮಾಲಿ, ಹಿಂದೆ ಪಡೆದ ಮುಂಗಡದ ಕಡಿತ ಇಷ್ಟೂ ಸಾಲುಸಾಲಾಗಿ ಬರೆದ ಚೀಟಿಯನ್ನು ತಂದು, ದೀಪದ ಕೆಳಗೆ ಕುಳಿತು ಎರಡೆರಡು ಸಲ ಕೂಡಿ ಕಳೆದು ನೋಡುತ್ತಿದ್ದರಂತೆ. "ನಡುವೆ ನಿಂತವರಿಗೆ ಎಷ್ಟು ಹೋಗ್ತದೆ ಅನ್ನೋದು ಚೀಟಿ ಮೇಲೆ ಕಾಣ್ಬೇಕು. ಕಾಣ್ದೇ ಇದ್ರೆ ಅದು ಎಲ್ಲಿಂದಾದ್ರೂ ಹೋಗೇ ಹೋಗಿರ್ತದೆ" ಎಂದು ಅಮ್ಮ ಅಂದು ಸಂಜೆ ಹೇಳಿದ ಮಾತು, ಮುಂದಿನ ಎಂಟು ತಿಂಗಳು ನಾನು ಈ ವಿಷಯವನ್ನು ನೋಡಿದ ರೀತಿಯನ್ನೇ ಬದಲಿಸಿತು.

ಮುಂದಿನ ಸಲ ಬ್ರೋಕರ್ ಬಂದಾಗ ಅಮ್ಮನೇ ನೇರವಾಗಿ ಕೇಳಿದರು. ಅವರು ಮೊದಲು ಎರಡು ಪರ್ಸೆಂಟ್ ಎಂದರು, ಕೊನೆಗೆ ನಮ್ಮಿಂದ ಒಂದು ಪರ್ಸೆಂಟ್, ಕೊಳ್ಳುವವರಿಂದ ಒಂದು ಪರ್ಸೆಂಟ್ ಎಂದು ಮಾತಾಯಿತು. ನಾನು ಅದನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು, ಯಾವಾಗ ಕೊಡಬೇಕು ಎಂಬುದನ್ನೂ ಸೇರಿಸಿದೆ: ಕ್ರಯಪತ್ರ ನೋಂದಣಿಯಾದ ದಿನ, ಚೆಕ್ ಮೂಲಕ. ಸಹಿ ಹಾಕುವಾಗ ಅವರ ಮುಖದಲ್ಲಿ ಸ್ವಲ್ಪ ಬೇಸರ ಕಂಡಿತು. ನಂಬಿಕೆ ಇಲ್ಲದ್ದಕ್ಕೆ ಬರೆಸಿಕೊಳ್ಳುತ್ತಿದ್ದಾರೆ ಎಂದು ಅವರಿಗೆ ಅನಿಸಿರಬೇಕು. ಅದಕ್ಕೆ ಕಾರಣವೂ ಇದೆ. ನಮ್ಮಲ್ಲಿ ದಲ್ಲಾಳಿ ಎಂಬ ಪದಕ್ಕೆ ಒಳ್ಳೆಯ ಹೆಸರಿಲ್ಲ. ಜಗಳದಲ್ಲಿ ಬೈಯಲು ಬಳಸುವ ಪದವನ್ನೇ ವೃತ್ತಿಯ ಹೆಸರಾಗಿ ಹೊತ್ತ ಜನ ಅವರು. ಆದ್ದರಿಂದಲೇ ಊರಿನಲ್ಲಿ ಎಲ್ಲರೂ ಬ್ರೋಕರ್ ಎಂಬ ಇಂಗ್ಲಿಷ್ ಪದವನ್ನೇ ಹಿಡಿದುಕೊಂಡಿದ್ದಾರೆ.

ಈ ಒಂದು ಪರ್ಸೆಂಟ್ ಅಥವಾ ಎರಡು ಪರ್ಸೆಂಟ್ ಎಂಬುದನ್ನು ಯಾವ ಕಾನೂನೂ ನಿಗದಿ ಮಾಡಿಲ್ಲ. ಅದು ರೂಢಿ, ಅಷ್ಟೆ. ಊರಿನಿಂದ ಊರಿಗೆ, ಮನೆಯ ಬೆಲೆಯಿಂದ ಬೆಲೆಗೆ ಬದಲಾಗುತ್ತದೆ. ಕಾನೂನು ಹೇಳುವುದು ಬೇರೆಯದನ್ನು. 1872ರ ಭಾರತೀಯ ಕರಾರು ಕಾಯ್ದೆಯ 219ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಒಪ್ಪಿಸಿದ ಕೆಲಸ ಮುಗಿಯುವವರೆಗೆ ಏಜೆಂಟನಿಗೆ ಸಂಭಾವನೆ ಸಲ್ಲಬೇಕಾಗಿಲ್ಲ. ಊರಿನ ಬ್ರೋಕರ್‌ಗಳು ಆ ಕಲಮನ್ನು ಓದಿರಲಿಕ್ಕಿಲ್ಲ, ಆದರೆ ಅವರ ಬದುಕು ನಿಂತಿರುವುದು ಅದರ ಮೇಲೆಯೇ. ಕೆಲಸ ಮುಗಿಯದೆ ಹಣವಿಲ್ಲ.

ಹಣವಿಲ್ಲ ಎಂಬುದರ ಅರ್ಥ ನನಗೆ ತಿಳಿದದ್ದು ಅಮ್ಮನ ಗೋಡೆ ಕ್ಯಾಲೆಂಡರಿನಿಂದ. ಮನೆ ನೋಡಲು ಯಾರು ಬಂದರೂ ಅವರು ಆ ದಿನದ ಚೌಕದಲ್ಲಿ ಪೆನ್ಸಿಲಿನಿಂದ ಒಂದು ಗೀಟು ಹಾಕುತ್ತಿದ್ದರು. ಜ್ಯೇಷ್ಠದಲ್ಲಿ ಆರಂಭವಾದ ಗೀಟುಗಳು ಆಷಾಢದಲ್ಲಿ ನಿಂತವು, ಶ್ರಾವಣದಲ್ಲಿ ಮತ್ತೆ ಬಂದವು, ಪಿತೃಪಕ್ಷದಲ್ಲಿ ಒಂದೂ ಇಲ್ಲ, ದೀಪಾವಳಿಯ ನಂತರ ಒಂದೇ ವಾರದಲ್ಲಿ ನಾಲ್ಕು, ಧನುರ್ಮಾಸದಲ್ಲಿ ಪುನಃ ಖಾಲಿ. ಕೊನೆಗೆ ಎಣಿಸಿದಾಗ ಒಟ್ಟು 23 ಗೀಟುಗಳು. ಅಂದರೆ 23 ಸಲ ಆ ಮನುಷ್ಯ ಮಳೆಯಲ್ಲೋ ಬಿಸಿಲಲ್ಲೋ ಯಾರನ್ನೋ ಕರೆದುಕೊಂಡು ಬಂದು, ಅದೇ ಸಂಪು, ಅದೇ ಬಾವಿ, ಅದೇ ಮಹಡಿ ಮೆಟ್ಟಿಲು ತೋರಿಸಿ, ಅವರು "ಮನೇಲಿ ಮಾತಾಡಿ ಹೇಳ್ತೀವಿ" ಎಂದು ಹೋದದ್ದನ್ನು ನೋಡಿದ್ದರು. ಆ ಪೈಕಿ 22 ಸಲಕ್ಕೆ ಅವರಿಗೆ ಒಂದು ಕಾಫಿಯ ಹೊರತು ಏನೂ ಸಿಕ್ಕಿರಲಿಲ್ಲ. ನಮ್ಮದೊಂದೇ ಮನೆಯಲ್ಲ. ಎರಡು ವರ್ಷ ತೋರಿಸಿದರೂ ಮಾರಾಟವಾಗದ ಮನೆಗಳು, ಅಣ್ಣತಮ್ಮಂದಿರ ಜಗಳದಲ್ಲಿ ನಿಂತುಹೋದ ಸೈಟುಗಳು ಅವರ ಡೈರಿಯ ತುಂಬ ಇದ್ದವು. ಮಾರಾಟವಾದ ಮನೆಯವರು ಕೊಡುವ ಕಮಿಷನ್ನಿನಲ್ಲಿ ಮಾರಾಟವಾಗದ ಮನೆಗಳ ಓಡಾಟದ ಖರ್ಚೂ ಸೇರಿರುತ್ತದೆ. ಒಂದು ಸಹಿಗೆ ಇಷ್ಟು ಹಣವೇ ಎಂದು ನೋಂದಣಿಯ ದಿನ ಕೇಳುವವರ ಕಣ್ಣಿಗೆ ಬೀಳುವುದು ಆ ಸಹಿ ಮಾತ್ರ.

ಕಣ್ಣಿಗೆ ಬೀಳದ ಇನ್ನೊಂದು ಕೆಲಸವನ್ನೂ ಅವರು ಮಾಡಿದ್ದರು. ಋಣಭಾರ ಪ್ರಮಾಣಪತ್ರ, ಅಂದರೆ ಎಲ್ಲರೂ ಇಸಿ ಎನ್ನುವ ಕಾಗದ, ಕೈಗೆ ಬಂದಾಗ ನಾನು ಮೇಲಿನಿಂದ ಓದಿ ಸರಿಯಾಗಿದೆ ಎಂದು ಮಡಚಿದ್ದೆ. ಅವರು ಅದನ್ನು ಬಿಡಿಸಿ, ಹಳೆಯ ವರ್ಷದಿಂದ ಒಂದೊಂದೇ ಸಾಲಿಗೆ ಬೆರಳಿಟ್ಟುಕೊಂಡು ಬಂದು, 1991ರ ಅಡಮಾನದ ಸಾಲಿನ ಮೇಲೆ ಬೆರಳು ನಿಲ್ಲಿಸಿದರು. ಅಪ್ಪ ಆ ಸಾಲವನ್ನು ಎಂದೋ ತೀರಿಸಿದ್ದರು, ಕೊನೆಯ ಕಂತಿನ ರಸೀದಿಯೂ ಇತ್ತು, ಆದರೆ ಸಾಲ ತೀರಿದ ಬಗ್ಗೆ ನೋಂದಣಿ ಆಗಿರಲಿಲ್ಲ. "ಪಾರ್ಟಿ ಬ್ಯಾಂಕ್ ಲೋನಿಗೆ ಹೋದ್ರೆ ವಕೀಲರು ಇಲ್ಲೇ ಹಿಡ್ದು ನಿಲ್ಲಿಸ್ತಾರೆ" ಎಂದರು. ಸಾಲ ಕೊಟ್ಟಿದ್ದ ಸಂಸ್ಥೆಯ ಕಚೇರಿಗೆ ನಾಲ್ಕು ಸಲ ಅಲೆದು ಋಣಮುಕ್ತ ಪತ್ರ ತಂದವರು ಅವರೇ. ನಾನು ಮತ್ತು ತಮ್ಮ ಅಮ್ಮನ ಹೆಸರಿಗೆ ಹಕ್ಕು ಖುಲಾಸೆ ಪತ್ರ ಮಾಡಿಕೊಟ್ಟು, ಇ-ಖಾತೆ ಅವರ ಹೆಸರಿಗೆ ಆಗುವವರೆಗೂ ಕಾಗದದ ಸರದಿಯನ್ನು ತಪ್ಪದೆ ನೆನಪಿಸಿದವರೂ ಅವರೇ.

ಇಷ್ಟು ಹೇಳಿದ ಮೇಲೆ, ಕಮಿಷನ್ ಎಂಬ ಏರ್ಪಾಡಿನ ಒಳಗೇ ಇರುವ ತೊಡಕನ್ನೂ ಹೇಳಬೇಕು. 2024ರ ಶ್ರಾವಣದಲ್ಲಿ ಒಬ್ಬರು 52 ಲಕ್ಷಕ್ಕೆ ಕೇಳಿದರು. ಬ್ರೋಕರ್ ಎರಡು ದಿನ ಬಿಡದೆ ಫೋನ್ ಮಾಡಿದರು. "ಕೊಟ್ಟುಬಿಡಿ ಅಮ್ಮ, ಒಳ್ಳೇ ಪಾರ್ಟಿ, ಕೈ ತಪ್ಪಿದ್ರೆ ಮತ್ತೆ ಸಿಗೋದು ಕಷ್ಟ." ತಮ್ಮನಿಗೆ ಸಿಟ್ಟು ಬಂತು, ಆ ಪಾರ್ಟಿಯ ಕಡೆಗೆ ಸೇರಿಕೊಂಡಿದ್ದಾರೆ ಎಂದ. ನಾನು ಕಾಗದ ತೆಗೆದು ಲೆಕ್ಕ ಹಾಕಿದೆ. 52 ಲಕ್ಷಕ್ಕೆ ಮಾರಿದರೆ ನಮ್ಮ ಕಡೆಯಿಂದ ಅವರಿಗೆ ಬರುವುದು 52 ಸಾವಿರ. ಕಾದು 58 ಲಕ್ಷಕ್ಕೆ ಮಾರಿದರೆ 58 ಸಾವಿರ. ಅಮ್ಮನಿಗೆ ಆರು ಲಕ್ಷದ ವ್ಯತ್ಯಾಸವಾದರೆ ಅವರಿಗೆ ಆರು ಸಾವಿರದ್ದು, ಕೊಳ್ಳುವವರ ಕಡೆಯದನ್ನು ಸೇರಿಸಿದರೂ ಹನ್ನೆರಡು ಸಾವಿರದ್ದು. ಆ ಹನ್ನೆರಡು ಸಾವಿರಕ್ಕಾಗಿ ಅವರು ಇನ್ನಾರು ತಿಂಗಳು ಪೆಟ್ರೋಲ್ ಸುಡಬೇಕು, ನಡುವೆ ನಾವು ಮನಸ್ಸು ಬದಲಿಸಿದರೆ ಅಥವಾ ಬೇರೆ ಬ್ರೋಕರ್ ಮುಂದೆ ಬಂದರೆ ಕೈಗೆ ಬಂದ 52 ಸಾವಿರವನ್ನೂ ಕಳೆದುಕೊಳ್ಳಬೇಕು. ಅವರ ಜಾಗದಲ್ಲಿ ನಾನಿದ್ದರೂ ಕೊಟ್ಟುಬಿಡಿ ಎಂದೇ ಹೇಳುತ್ತಿದ್ದೆ. ಅದನ್ನು ಅಪ್ರಾಮಾಣಿಕತೆ ಎಂದು ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಮನೆ ಮಾರಾಟವಾಗುವುದರಲ್ಲಿ ಅವರಿಗೆ ಪೂರ್ತಿ ಆಸಕ್ತಿಯಿದೆ, ಒಳ್ಳೆಯ ಬೆಲೆ ಬರುವುದರಲ್ಲಿ ನೂರಕ್ಕೆ ಒಂದೆರಡು ಭಾಗದಷ್ಟು ಆಸಕ್ತಿಯಿದೆ. ನಾವು ಸಂಬಳ ಕೊಡುವ ರೀತಿಯೇ ಹಾಗಿದೆ.

ಈ ಲೆಕ್ಕ ನಮ್ಮ ಊರಿಗಷ್ಟೇ ಸೇರಿದ್ದಲ್ಲ. ಸ್ಟೀವನ್ ಲೆವಿಟ್ ಮತ್ತು ಚಾಡ್ ಸಿವರ್ಸನ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಷಿಕಾಗೊ ಸುತ್ತಮುತ್ತಲಿನ ಸುಮಾರು ಒಂದು ಲಕ್ಷ ಮನೆಗಳ ಮಾರಾಟವನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಏಜೆಂಟರು ತಮ್ಮ ಸ್ವಂತ ಮನೆಯನ್ನು ಮಾರುವಾಗ, ಅಂಥದೇ ಗಿರಾಕಿಗಳ ಮನೆಗಿಂತ ಸರಾಸರಿ ಒಂಬತ್ತೂವರೆ ದಿನ ಹೆಚ್ಚು ಕಾಯುತ್ತಾರೆ ಮತ್ತು ಸುಮಾರು 3.7 ಪ್ರತಿಶತ ಹೆಚ್ಚು ಬೆಲೆ ಪಡೆಯುತ್ತಾರೆ ಎಂದು ಅವರು ಕಂಡುಕೊಂಡರು. ಕಾಯುವುದರ ಲಾಭ ಪೂರ್ತಿ ತನ್ನದೇ ಆದಾಗ ಯಾರಾದರೂ ಕಾಯುತ್ತಾರೆ. ನಾವೂ ಕಾದೆವು. ಕಾಯಲು ನಮಗೆ ಸಾಧ್ಯವಾದದ್ದು ಅಮ್ಮನಿಗೆ ಪಿಂಚಣಿ ಇದ್ದುದರಿಂದ, ಆಸ್ಪತ್ರೆಯ ಖರ್ಚಿಗಾಗಿ ಮನೆ ಮಾರುವವರಿಗೆ ಆ ಅವಕಾಶ ಇರುವುದಿಲ್ಲ ಎಂಬುದನ್ನು ನಾನು ಮರೆತಿಲ್ಲ.

ಎರಡೂ ಕಡೆಯಿಂದ ಕಮಿಷನ್ ಪಡೆಯುವ ಬ್ರೋಕರ್ ಯಾರ ಕಡೆಯವರು ಎಂಬ ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು. ಅದು ನಮ್ಮ ಎದುರಿಗೆ ಬಂದದ್ದು ಅಡುಗೆಮನೆಯ ಗೋಡೆಯ ರೂಪದಲ್ಲಿ. ಮಲೆನಾಡಿನ ಅಂಚಿನ ಊರಿನಲ್ಲಿ ಹಳೆಯ ಮನೆಗಳ ಪಶ್ಚಿಮದ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ. ನಮ್ಮ ಅಡುಗೆಮನೆಯಲ್ಲಿ ಸಿಂಕಿನ ಮೇಲೆ ಒಂದು ಮಾರುದ್ದದ ಕಲೆ ಜೂನ್‌ನಲ್ಲಿ ಮೂಡಿ, ಸುಣ್ಣ ಉಬ್ಬಿ, ಡಿಸೆಂಬರ್ ಹೊತ್ತಿಗೆ ಒಣಗಿ ಕಾಣದಂತಾಗುತ್ತದೆ. ಮಳೆ ನಿಂತ ಮೇಲೆ ಪಾರ್ಟಿಗಳನ್ನು ಹೆಚ್ಚಾಗಿ ಕರೆತರುತ್ತೇನೆ, ಅಷ್ಟರಲ್ಲಿ ಒಂದು ಕೋಟು ಬಣ್ಣ ಹೊಡೆಸಿಬಿಡಿ ಎಂಬುದು ಬ್ರೋಕರ್ ಕೊಟ್ಟ ಸಲಹೆ. ಮಾರುವವರಾಗಿ ನಮಗೆ ಅದು ಒಳ್ಳೆಯ ಸಲಹೆಯೇ. ಆದರೆ ಅದೇ ಮನುಷ್ಯ ಕೊಳ್ಳುವವರಿಂದಲೂ ಒಂದು ಪರ್ಸೆಂಟ್ ಪಡೆಯುವವರು. ಕೊಳ್ಳುವವರಿಗೆ ಈ ಗೋಡೆಯ ಬಗ್ಗೆ ಹೇಳಬೇಕಾದವರು ಯಾರು?

ಮಾಘದಲ್ಲಿ ಭದ್ರಾವತಿ ಕಡೆಯ ಶಿಕ್ಷಕ ದಂಪತಿ ಬಂದರು. ಅವರು ಅಡುಗೆಮನೆಗೆ ಬಂದಾಗ ಅಮ್ಮ ತಾವಾಗಿಯೇ ಗೋಡೆಯ ಮೇಲೆ ಅಂಗೈ ಇಟ್ಟು, "ನೋಡಮ್ಮ, ಮಳೆಗಾಲದಲ್ಲಿ ಇಷ್ಟು ಜಾಗ ತೇವ ಬರ್ತದೆ, ಹೊರಗಡೆ ಶೀಟ್ ಇಳಿಸಿದ್ರೆ ನಿಲ್ತದೆ" ಎಂದರು. ಬಾಗಿಲ ಬಳಿ ನಿಂತಿದ್ದ ಬ್ರೋಕರ್ ತಲೆ ತಗ್ಗಿಸಿ ಮೊಬೈಲ್ ನೋಡತೊಡಗಿದರು. ಆ ದಂಪತಿ ಅದೇ ಕಾರಣಕ್ಕೆ 60 ಇದ್ದದ್ದನ್ನು 58ಕ್ಕೆ ಇಳಿಸಿ ಕೇಳಿದರು. ಅಮ್ಮ ಒಪ್ಪಿದರು. ಆಮೇಲೆ ಬ್ರೋಕರ್ ನನ್ನೊಡನೆ ಹೇಳಿದ್ದು ಇಷ್ಟು: "ನಾನು ಹೇಳ್ಬಾರ್ದು ಮೇಡಂ, ಹೇಳಿದ್ರೆ ನಿಮಗೆ ದ್ರೋಹ. ಹೇಳ್ದೇ ಇದ್ರೆ ಅವ್ರಿಗೆ ದ್ರೋಹ. ಅದಕ್ಕೇ ನಾವು ಸುಮ್ನಿರೋದು." ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ ಮನುಷ್ಯ ತನ್ನ ವೃತ್ತಿಯ ಕಷ್ಟವನ್ನು ಅಷ್ಟು ಸರಳವಾಗಿ ಹೇಳಿದ್ದನ್ನು ಕೇಳಿ ನನಗೆ ಅವರ ಮೇಲಿದ್ದ ಅರೆಮನಸ್ಸಿನ ಅನುಮಾನ ಕರಗಿತು, ಆದರೆ ಪ್ರಶ್ನೆ ಕರಗಲಿಲ್ಲ.

ಅಮೆರಿಕದ ಓಹಾಯೋದಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಅದೇ ವರ್ಷ ಅಲ್ಲಿ ಮನೆ ಕೊಳ್ಳುತ್ತಿದ್ದಳು. ಭಾನುವಾರದ ಫೋನಿನಲ್ಲಿ ನಾವಿಬ್ಬರೂ ಕಮಿಷನ್ನಿನ ಮಾತೇ ಆಡುತ್ತಿದ್ದೆವು. ಅಲ್ಲಿನ ಪದ್ಧತಿ ಬೇರೆ. ಮಾರುವವರಿಗೊಬ್ಬ ಏಜೆಂಟ್, ಕೊಳ್ಳುವವರಿಗೊಬ್ಬ ಏಜೆಂಟ್ ಇರುವುದು ಸಾಮಾನ್ಯ. ಬಹುಕಾಲ ಅಲ್ಲಿನ ರೂಢಿಯೇನೆಂದರೆ, ಮಾರಾಟ ಬೆಲೆಯ ಐದರಿಂದ ಆರು ಪ್ರತಿಶತವನ್ನು ಮಾರುವವನೇ ಕೊಡುವುದು, ಅದನ್ನು ಎರಡೂ ಕಡೆಯ ಏಜೆಂಟರು ಹಂಚಿಕೊಳ್ಳುವುದು. ಕೊಳ್ಳುವವರ ಏಜೆಂಟನಿಗೆ ಎಷ್ಟು ಸಿಗುತ್ತದೆ ಎಂಬುದನ್ನು ಮನೆಗಳ ವಿವರ ಇರುವ ಏಜೆಂಟರ ಜಾಲದಲ್ಲೇ ನಮೂದಿಸಿರುತ್ತಿದ್ದರು. ಕೊಳ್ಳುವವರಿಗೆ ನಿಮ್ಮ ಏಜೆಂಟ್ ಉಚಿತ ಎಂದೇ ಹೇಳಲಾಗುತ್ತಿತ್ತು. ಹೆಚ್ಚು ಕಮಿಷನ್ ನಮೂದಿಸಿದ ಮನೆಯನ್ನು ಮೊದಲು ತೋರಿಸುವ ಆಸೆ ಏಜೆಂಟನಿಗೆ ಹುಟ್ಟುವುದು ಸಹಜ, ಕಡಿಮೆ ನಮೂದಿಸುವ ಧೈರ್ಯ ಮಾರುವವನಿಗೆ ಬಾರದಿರುವುದೂ ಅಷ್ಟೇ ಸಹಜ.

ಅಲ್ಲಿನ ಮನೆ ಮಾರಿದವರು ಇದರ ವಿರುದ್ಧ ನ್ಯಾಯಾಲಯಕ್ಕೆ ಹೋದರು. 2023ರ ಅಕ್ಟೋಬರ್ 31ರಂದು ಮಿಸೌರಿಯ ಕಾನ್ಸಾಸ್ ಸಿಟಿಯ ಜ್ಯೂರಿ, ನ್ಯಾಷನಲ್ ಅಸೋಸಿಯೇಷನ್ ಆಫ್ ರಿಯಲ್ಟರ್ಸ್ ಎಂಬ ಏಜೆಂಟರ ರಾಷ್ಟ್ರೀಯ ಸಂಘ ಮತ್ತು ಕೆಲವು ದೊಡ್ಡ ಸಂಸ್ಥೆಗಳು ಸೇರಿಕೊಂಡು ಕಮಿಷನ್ನನ್ನು ಎತ್ತರದಲ್ಲಿ ಉಳಿಸಿದವು ಎಂದು ತೀರ್ಪು ಕೊಟ್ಟು, ಸುಮಾರು 180 ಕೋಟಿ ಡಾಲರ್ ಪರಿಹಾರ ನಿಗದಿ ಮಾಡಿತು. 2024ರ ಮಾರ್ಚ್‌ನಲ್ಲಿ ಆ ಸಂಘ 41.8 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು. ಅದರ ಪ್ರಕಾರ 2024ರ ಆಗಸ್ಟ್ 17ರಿಂದ, ಕೊಳ್ಳುವವರ ಏಜೆಂಟನ ಕಮಿಷನ್ನನ್ನು ಆ ಜಾಲದಲ್ಲಿ ನಮೂದಿಸುವಂತಿಲ್ಲ, ಮತ್ತು ಆ ಜಾಲದ ಏಜೆಂಟ್ ಮನೆ ತೋರಿಸಲು ಕರೆದೊಯ್ಯುವ ಮೊದಲೇ ಕೊಳ್ಳುವವರೊಡನೆ ತನ್ನ ಶುಲ್ಕ ಎಷ್ಟೆಂದು ಸ್ಪಷ್ಟವಾಗಿ ಬರೆದು ಸಹಿ ಮಾಡಿಸಿಕೊಳ್ಳಬೇಕು. "ಒಂದು ಮನೇನೂ ನೋಡಿಲ್ಲ ಅಕ್ಕ, ಆಗ್ಲೇ ಸಹಿ ಹಾಕಿಸ್ಕೊಂಡ್ರು" ಎಂದು ಅವಳು ಗಾಬರಿಯಿಂದ ಹೇಳಿದಾಗ, ನಮ್ಮ ನೋಟ್‌ಬುಕ್ಕಿನ ಹಾಳೆಯ ವಿಷಯ ಅವಳಿಗೆ ಹೇಳಿದೆ. ಕೋಟಿಗಟ್ಟಲೆ ಡಾಲರಿನ ದಾವೆಯ ನಂತರ ಅಲ್ಲಿ ನಿಯಮವಾದದ್ದನ್ನು ಅಜ್ಜನ ಮಂಡಿ ಚೀಟಿಯ ನೆನಪಿನಿಂದ ಅಮ್ಮ ಮಾಡಿಸಿದ್ದರು.

ಕಮಿಷನ್ ಯಾರು ಕೊಡುತ್ತಾರೆ ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ ಎಂಬುದು ನನಗೆ ಆ ದಿನಗಳಲ್ಲಿ ಹೊಳೆಯಿತು. ಯಾರ ಕೈ ಚೆಕ್ಕಿಗೆ ಸಹಿ ಹಾಕುತ್ತದೆ ಎಂಬುದು ಒಂದು, ಹಣ ಎಲ್ಲಿಂದ ಹುಟ್ಟುತ್ತದೆ ಎಂಬುದು ಇನ್ನೊಂದು. ಅಡಿಕೆಯಂಥ ಬೆಳೆ ಮಾರುವ ಎಪಿಎಂಸಿ, ಅಂದರೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ನಿಯಮದಂತೆ ದಲ್ಲಾಳಿಯ ಕಮಿಷನ್ನನ್ನು ಖರೀದಿದಾರ ಕೊಡಬೇಕು, ರೈತನಿಂದ ಹಿಡಿಯುವಂತಿಲ್ಲ. ನಿಯಮ ಒಳ್ಳೆಯದೇ. ಆದರೆ ಖರೀದಿದಾರ ತಾನು ಕೊಡಬೇಕಾದ ಕಮಿಷನ್ನನ್ನು ಮನಸ್ಸಿನಲ್ಲಿಟ್ಟುಕೊಂಡೇ ದರ ಕೂಗುತ್ತಾನೆ ಎಂಬುದು ಪ್ರತಿ ಬೆಳೆಗಾರನಿಗೂ ಗೊತ್ತು. ಮನೆಯ ವಿಷಯದಲ್ಲೂ ಹಾಗೆಯೇ. ಆ ಶಿಕ್ಷಕ ದಂಪತಿಯ ಬಳಿ ಮನೆಗೆಂದು ಇದ್ದದ್ದು ಒಂದೇ ಗಂಟು. ನಮಗೆ, ಬ್ರೋಕರ್‌ಗೆ, ಸರ್ಕಾರಕ್ಕೆ ಎಲ್ಲವೂ ಆ ಗಂಟಿನಿಂದಲೇ ಹೋಗಬೇಕು.

ಹಾಗಿದ್ದೂ ಚೆಕ್ಕಿಗೆ ಸಹಿ ಹಾಕುವ ಕೈ ಯಾವುದು ಎಂಬುದು ಮುಖ್ಯವಲ್ಲವೆಂದು ಹೇಳಲಾರೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 30 ಲಕ್ಷ ದಾಟಿ 75 ಲಕ್ಷದವರೆಗಿನ ಗೃಹಸಾಲವು ಮನೆಯ ಬೆಲೆಯ 80 ಪ್ರತಿಶತವನ್ನು ಮೀರುವಂತಿಲ್ಲ. 58 ಲಕ್ಷದ ಮನೆಗೆ ಆ ದಂಪತಿಗೆ ಸಿಗಬಹುದಾದದ್ದು ಹೆಚ್ಚೆಂದರೆ 46 ಲಕ್ಷದ 40 ಸಾವಿರ. ಉಳಿದ 11 ಲಕ್ಷದ 60 ಸಾವಿರ ಕೈಯಿಂದ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಮೂರು ಲಕ್ಷ ದಾಟಿತು, ಅದೂ ಕೈಯಿಂದ. ಆಗ ಒಂದು ಪ್ರತಿಶತವಿದ್ದ ನೋಂದಣಿ ಶುಲ್ಕ 58 ಸಾವಿರ, ಬ್ರೋಕರ್‌ಗೆ 58 ಸಾವಿರ, ಅವೂ ಕೈಯಿಂದ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಎರಡು ಪ್ರತಿಶತವಾಗಿದೆ, ಇನ್ನು ಕೊಳ್ಳುವವರ ಪಾಡು ಇನ್ನಷ್ಟು ಬಿಗಿ. ಮಾರುವವರು ಕೊಡುವ ಕಮಿಷನ್ ಮನೆಯ ಬೆಲೆಯೊಳಗೆ ಸೇರಿ ಸಾಲದ ಕಂತಿನಲ್ಲಿ ನಿಧಾನವಾಗಿ ತೀರುತ್ತದೆ, ಕೊಳ್ಳುವವರು ಕೊಡುವ ಕಮಿಷನ್ ಉಳಿತಾಯದಿಂದ ಒಮ್ಮೆಗೇ ಹೋಗುತ್ತದೆ. ಹೊಸದಾಗಿ ಸಂಸಾರ ಕಟ್ಟಿದವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಕಮಿಷನ್ ಕಾಣದ ಹಾಗೆ ಇದ್ದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಮನೆಯಲ್ಲೇ ಒಂದು ಹಳೆಯ ಗಾಯವಿದೆ. ಸಾಗರದ ಕಡೆ ಇದ್ದ ದೊಡ್ಡಪ್ಪ ತಮ್ಮ ಮನೆ ಮತ್ತು ಹಿತ್ತಲನ್ನು ಮಾರುವಾಗ ಅಲ್ಲಿನ ಬ್ರೋಕರ್ ಒಬ್ಬರು, "ನಿಮ್ಮ ಕೈಗೆ ನೆಟ್ ಎಷ್ಟು ಬರ್ಬೇಕು ಹೇಳಿ, ನನಗೆ ನೀವೇನೂ ಕೊಡೋದು ಬೇಡ" ಎಂದಿದ್ದರು. ದೊಡ್ಡಪ್ಪನಿಗೆ ಅದು ಬಹಳ ಹಿಡಿಸಿತು. 18 ಲಕ್ಷ ಎಂದರು, 18 ಲಕ್ಷ ಬಂತು. ಎರಡು ವರ್ಷಗಳ ನಂತರ ಮದುವೆಯೊಂದರ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವರು ಆ ಮನೆಯನ್ನು ಕೊಂಡವರೇ. ಮಾತಿಗೆ ಮಾತು ಬಂದು, ತಾವು ಒಟ್ಟು 23 ಲಕ್ಷ ಕೊಟ್ಟದ್ದಾಗಿ ಅವರು ಹೇಳಿದರು, ಐದು ಲಕ್ಷ ನಗದಾಗಿ ಬ್ರೋಕರ್ ಕೈಗೆ. ಒಂದು ಪರ್ಸೆಂಟ್ ಕಮಿಷನ್‌ಗೆ ಅರ್ಧ ಗಂಟೆ ಚೌಕಾಸಿ ಮಾಡುವ ದೊಡ್ಡಪ್ಪ, ತಮಗೆ ಗೊತ್ತಿಲ್ಲದೆಯೇ ತಮ್ಮ ಕೈಗೆ ಬಂದ ಹಣದ ನೂರಕ್ಕೆ ಸುಮಾರು 28ರಷ್ಟನ್ನು ನಡುವಿನವರಿಗೆ ಬಿಟ್ಟುಕೊಟ್ಟಿದ್ದರು. ಎಲೆಯ ಮೇಲಿನ ಅನ್ನ ಹಾಗೇ ಬಿಟ್ಟು ಎದ್ದರಂತೆ. ಮನೆಗೆ ಬಂದು, "ನಾನು ಕೇಳಿದ್ದು ನನಗೆ ಬಂತಲ್ಲ, ಮತ್ತೆಂತದು" ಎಂದು ಒಮ್ಮೆ ಹೇಳಿ, ಆಮೇಲೆ ಆ ವಿಷಯ ಎತ್ತಲೇ ಇಲ್ಲ.

ಕರಾರು ಕಾಯ್ದೆಯ 216ನೇ ಕಲಮು, ಮಾಲೀಕನಿಗೆ ತಿಳಿಯದಂತೆ ಏಜೆಂಟ್ ತನ್ನದೇ ಲೆಕ್ಕದಲ್ಲಿ ವ್ಯವಹಾರ ನಡೆಸಿ ಮಾಡಿಕೊಂಡ ಲಾಭವನ್ನು ಮಾಲೀಕ ಕೇಳಬಹುದು ಎನ್ನುತ್ತದೆ. ಕೆಲಸದಲ್ಲಿ ದುರ್ನಡತೆ ತೋರಿದ ಏಜೆಂಟನಿಗೆ ಆ ಭಾಗದ ಸಂಭಾವನೆಯ ಹಕ್ಕಿಲ್ಲ ಎಂದು 220ನೆಯದು ಹೇಳುತ್ತದೆ. ಆದರೆ "ಮೇಲಿನದ್ದು ನಿಮಗೆ" ಎಂದು ಬಾಯಿಮಾತಿನಲ್ಲಿ ಒಪ್ಪಿದ ದೊಡ್ಡಪ್ಪ ಯಾವ ಕಾಗದ ಹಿಡಿದುಕೊಂಡು ಹೋಗಬೇಕಿತ್ತು? ಇಂದಿಗೂ ಮಲೆನಾಡಿನ ಹಳ್ಳಿಗಳಲ್ಲಿ, ವಿಶೇಷವಾಗಿ ಮಕ್ಕಳೆಲ್ಲ ಬೆಂಗಳೂರು ಸೇರಿ ವಯಸ್ಸಾದವರು ಮಾತ್ರ ಉಳಿದ ಮನೆಗಳಲ್ಲಿ, ನೆಟ್ ಎಂಬ ಈ ಪದ ಬಹಳ ಸಿಹಿಯಾಗಿ ಕೇಳಿಸುತ್ತದೆ. ಆ ಪದ ಕಿವಿಗೆ ಬಿದ್ದ ಕೂಡಲೇ ಮಕ್ಕಳಿಗೆ ಫೋನ್ ಮಾಡಿ ಎಂದು ನಾನು ಗೊತ್ತಿರುವವರಿಗೆಲ್ಲ ಹೇಳುತ್ತಿರುತ್ತೇನೆ.

ಹೊಸ ಬಡಾವಣೆಗಳ ಸೈಟು, ಅಪಾರ್ಟ್‌ಮೆಂಟುಗಳದ್ದು ಬೇರೆ ದಾರಿ. 2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಊರಿನ ಸುತ್ತ ಬಡಾವಣೆಗಳ ಜಾಹೀರಾತು ಹೆಚ್ಚಿತು. ಅಲ್ಲಿ ಏಜೆಂಟನಿಗೆ ಕೊಡುವವನು ಸಾಮಾನ್ಯವಾಗಿ ಬಡಾವಣೆ ಮಾಡಿದವನೇ, ಕೊಳ್ಳುವವರಿಗೆ ಉಚಿತ ಎನ್ನುತ್ತಾರೆ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣದ ಕಾಯ್ದೆ, ನೋಂದಾಯಿತ ಯೋಜನೆಗಳ ಮಾರಾಟಕ್ಕೆ ನಡುವೆ ನಿಲ್ಲುವ ಏಜೆಂಟರೂ ನೋಂದಣಿ ಮಾಡಿಸಿಕೊಳ್ಳಬೇಕು, ಲೆಕ್ಕ ಇಡಬೇಕು ಎನ್ನುತ್ತದೆ, ತಪ್ಪಿದರೆ ದಿನಕ್ಕೆ 10 ಸಾವಿರ ರೂಪಾಯಿ ದಂಡವಿದೆ. ಆದರೆ ಎಷ್ಟು ಕಮಿಷನ್ ಎಂಬುದನ್ನು ಅದು ಮುಟ್ಟಿಲ್ಲ, ನಮ್ಮ ಮನೆಯಂಥ ಹಳೆಯ ಮನೆಯ ಮರುಮಾರಾಟ ಅದರ ವ್ಯಾಪ್ತಿಗೂ ಬರುವುದಿಲ್ಲ.

ನೋಂದಣಿಗೆ ಹತ್ತು ದಿನ ಇರುವಾಗ ಆ ಶಿಕ್ಷಕರು ನನ್ನ ತಮ್ಮನಿಗೆ ಫೋನ್ ಮಾಡಿದರು. ಬ್ರೋಕರ್‌ಗೆ ಎರಡೂ ಕಡೆಯಿಂದ ಸೇರಿ ಒಂದು ಲಕ್ಷದ 16 ಸಾವಿರ ಹೋಗುತ್ತದೆ, ಕಾಗದವೆಲ್ಲ ಸರಿಯಾಗಿದೆ, ಮಾತು ಮುರಿದುಬಿತ್ತು ಎಂದು ಅವರಿಗೆ ಹೇಳಿ ತಿಂಗಳು ಬಿಟ್ಟು ನಾವೇ ನೇರವಾಗಿ ಮಾಡಿಕೊಳ್ಳೋಣ ಎಂಬುದು ಅವರ ಸೂಚನೆ. ತಮ್ಮನಿಗೆ ಅದರಲ್ಲಿ ತಪ್ಪು ಕಾಣಲಿಲ್ಲ. ನನಗೂ ಒಂದು ಕ್ಷಣ ಆಸೆಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಕೊಳ್ಳುವವರ ಕೈಯಿಂದ ಎಷ್ಟು ಹಣ ಹೋಗುತ್ತಿದೆ ಎಂಬ ಲೆಕ್ಕ ನಾನೇ ಹಾಕಿದ್ದೆನಲ್ಲ, ಅವರ ಸಂಕಟ ಸುಳ್ಳಾಗಿರಲಿಲ್ಲ. ಅಮ್ಮ ಫೋನ್ ಇಸಿದುಕೊಂಡು ತಮ್ಮನಿಗೆ ಹೇಳಿದರು: "ಗೋಡೆಗೆ ಹೋಗಿ ಕ್ಯಾಲೆಂಡರ್ ನೋಡು ಅಂತ ನಿನಗೆ ಹೇಳೋದು ಹೆಂಗೆ, ನೀನು ಬೆಂಗಳೂರಲ್ಲಿದೀಯ. 23 ಸಲ ಬಂದಿದಾರೆ ಅವರು." ಅಷ್ಟೇ. ಆ ದಂಪತಿಗೆ ನಮ್ಮಿಂದ ಸಹಾಯವಾಗಲೆಂದು ಅಮ್ಮ ಅಡುಗೆಮನೆಯ ಹೊರಗೋಡೆಗೆ ಶೀಟ್ ಇಳಿಸುವ ಖರ್ಚನ್ನು ತಾವೇ ಕೊಟ್ಟರು, ಬ್ರೋಕರ್‌ಗೆ ಸಲ್ಲಬೇಕಾದದ್ದನ್ನು ಕಡಿಮೆ ಮಾಡಲು ಒಪ್ಪಲಿಲ್ಲ.

2025ರ ಫೆಬ್ರವರಿಯ ಒಂದು ಗುರುವಾರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಯಿತು. ಅಮ್ಮನ ಹೆಬ್ಬೆರಳು ಯಂತ್ರಕ್ಕೆ ಎರಡು ಸಲ ಹಿಡಿಯದೆ ಮೂರನೆಯ ಸಲ ಹಿಡಿಯಿತು. ಬೆಲೆ 50 ಲಕ್ಷ ದಾಟಿದ್ದರಿಂದ ಕೊಳ್ಳುವವರು ಒಂದು ಪ್ರತಿಶತ ಟಿಡಿಎಸ್, ಅಂದರೆ ಮೂಲದಲ್ಲೇ ಕಡಿತವಾಗುವ ತೆರಿಗೆ, ಹಿಡಿದು ಅಮ್ಮನ ಪ್ಯಾನ್ ಹೆಸರಿನಲ್ಲಿ ಕಟ್ಟಿದ್ದರು, ಅದೂ 58 ಸಾವಿರವೇ. ಒಂದೇ ಅಂಕಿ ನೋಂದಣಿ ಶುಲ್ಕವಾಗಿ, ತೆರಿಗೆಯಾಗಿ, ಬ್ರೋಕರ್‌ಗೆ ನಮ್ಮ ಕಡೆಯಿಂದ ಮತ್ತು ಅವರ ಕಡೆಯಿಂದ, ಹೀಗೆ ನಾಲ್ಕು ಸಲ ಬಂದದ್ದನ್ನು ಅಮ್ಮ ಗಮನಿಸಿ, ಸರ್ಕಾರದ್ದಕ್ಕೆ ಯಾರೂ ಚೌಕಾಸಿ ಮಾಡಲಿಲ್ಲ ಎಂದರು.

ಕಚೇರಿಯ ಹೊರಗೆ, ಪತ್ರಬರಹಗಾರರ ಮೇಜಿನ ಪಕ್ಕದಲ್ಲಿ, ನಾನು ಚೆಕ್ ಕೊಟ್ಟೆ. ಆ ದಂಪತಿ ಕೊಟ್ಟ ಹಣದಲ್ಲಿ ಅವರನ್ನು ಕರೆತಂದಿದ್ದ ಭದ್ರಾವತಿಯ ಇನ್ನಿಬ್ಬರಿಗೆ ಪಾಲು ಹೋಗಬೇಕಿತ್ತು. ಬ್ರೋಕರ್‌ಗೆ ಆ ಕಡೆಯಿಂದ ಉಳಿದದ್ದು ಮೂರನೇ ಒಂದು ಭಾಗ ಮಾತ್ರ ಎಂದು ಅಲ್ಲಿ ನಡೆದ ಮಾತಿನಿಂದ ತಿಳಿಯಿತು. ನಾನು ರಸೀದಿ ಕೇಳಿದೆ. ಬಂಡವಾಳ ಲಾಭದ ಲೆಕ್ಕದಲ್ಲಿ, ಮಾರಾಟಕ್ಕೆಂದೇ ಮಾಡಿದ ವೆಚ್ಚವನ್ನು ಕಳೆಯಲು ಆದಾಯ ತೆರಿಗೆ ಕಾಯ್ದೆ ಅವಕಾಶ ಕೊಡುತ್ತದೆ, ಬ್ರೋಕರ್ ಕಮಿಷನ್ ಅದರಲ್ಲಿ ಸೇರುತ್ತದೆ, ಆದರೆ ಆಧಾರ ಬೇಕು ಎಂದು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಇಷ್ಟು ವರ್ಷದಲ್ಲಿ ಯಾರೂ ತಮ್ಮಿಂದ ರಸೀದಿ ಕೇಳಿರಲಿಲ್ಲ ಎಂದರು.

ಪತ್ರಬರಹಗಾರರು ಒಂದು ಬಿಳಿ ಹಾಳೆ ಕೊಟ್ಟರು. ಬ್ರೋಕರ್ ನಿಂತುಕೊಂಡೇ ಬರೆಯಲು ಶುರುಮಾಡಿ, ಎರಡು ಸಾಲಾದ ಮೇಲೆ ತಲೆಯೆತ್ತಿ ಅಮ್ಮನನ್ನು ಕೇಳಿದರು: "ಅಮ್ಮ, ಯಾವ ಬಾಬ್ತು ಅಂತ ಬರೀಲಿ? ದಲಾಲಿ ಅಂತ ಬರೀಲೋ, ಬೇರೆ ಏನಾದ್ರೂ ಬರೀಲೋ?"

"ಮನೆ ಮಾರಿಸಿಕೊಟ್ಟ ಬಗ್ಗೆ ಅಂತ ಬರೀರಿ" ಎಂದರು ಅಮ್ಮ.

ಅವರು ಹಾಗೆಯೇ ಬರೆದು, ಕೆಳಗೆ ಸಹಿ ಮಾಡಿ, ತಾರೀಕು ಹಾಕಿ ಕೊಟ್ಟರು. ಆ ಹಾಳೆ ಈಗ ಅಮ್ಮನ ಕಬ್ಬಿಣದ ಪೆಟ್ಟಿಗೆಯಲ್ಲಿ, ಅಜ್ಜನ ಮಂಡಿ ಚೀಟಿಗಳ ಕಟ್ಟಿನ ಮೇಲೆ ಇದೆ.